ನಾನು ಕೆಡಿಸಿದ ಬೀಗಗಳು

ಹೋದ ತಿಂಗಳು ಒಬ್ಬ ಹುಡುಗಿ ಕೂಕಟ್‌ಪಲ್ಲಿಯ ನಮ್ಮ ಫ್ಲಾಟಿಗೆ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಬಾಗಿಲಿನಿಂದ ಬಿಚ್ಚಿ ತಂದ ಬೀಗ, ಮುಖದಲ್ಲಿ ಇನ್ನೇನು ಬಂದೇಬಿಡುವ ಅಳು. ಹೆಸರು ಮೇಘನಾ, ಊರು ಮೈಸೂರು, ಕೊಂಡಾಪುರದ ಒಂದು ಕಂಪನಿಯಲ್ಲಿ ಕೆಲಸ. ಹಿಮಾಯತ್‌ನಗರದಲ್ಲಿ ನನ್ನ ಹಳೆಯ ಅಂಗಡಿಯ ಪಕ್ಕದವರು ನನ್ನ ವಿಳಾಸ ಕೊಟ್ಟು ಕಳಿಸಿದ್ದರಂತೆ.

“ಅಂಕಲ್, ಕೀ ಇಲ್ದೆ ಬೀಗ ತೆಗೆಯೋದನ್ನ ಕಲೀತಾ ಇದೀನಿ, ಬರೀ ಹಾಬಿಗೆ. ವಿಡಿಯೋದಲ್ಲಿ ಎರಡೇ ನಿಮಿಷಕ್ಕೆ ತೆಗೆದುಬಿಡ್ತಾರೆ. ಅದಕ್ಕೆ ನಮ್ಮನೆ ಬಾಗಿಲಿಗೇ ಟ್ರೈ ಮಾಡ್ದೆ. ಈಗ ಕೀನೇ ಒಳಗೆ ಹೋಗ್ತಿಲ್ಲ. ಓನರ್‌ಗೆ ಗೊತ್ತಾದ್ರೆ ನನ್ನ ಕಥೆ ಮುಗೀತು.”

ಬೀಗವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕೀಲಿಕೈ ಹೋಗುವ ಸಂದಿಯ ಸುತ್ತ ಬೆಕ್ಕು ಪರಚಿದ ಹಾಗೆ ಗೀರುಗಳು. ಒಳಗೆ ಆಳದಲ್ಲಿ ಮುರಿದ ತಂತಿಯ ತುದಿ ಮಿಣುಕುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಪಾಪ, ಆ ಹುಡುಗಿ ತನ್ನನ್ನು ನೋಡಿಯೇ ನಗುತ್ತಿದ್ದಾನೆ ಮುದುಕ ಎಂದುಕೊಂಡಳು. ಅರ್ಧ ಗಂಟೆ ಹಿಡಿದು ತುಂಡನ್ನು ಹೊರಗೆ ತೆಗೆದುಕೊಟ್ಟೆ. ಅವಳಿಗೆ ಜೀವ ಬಂತು.

“ಅಂಕಲ್, ಹೊಸಬರು ಏನೇನು ತಪ್ಪು ಮಾಡ್ತಾರೆ ಅಂತ ಬರೆದುಕೊಡ್ತೀರಾ? ನಮ್ಮ ಗುಂಪಿನಲ್ಲಿ ಹತ್ತು ಜನ ಇದೀವಿ.”

ನನ್ನ ಹೆಂಡತಿ ಶಕುಂತಲಾ ಚಹಾ ತಂದಿಡುತ್ತ, “ಭಾಳ ಛಲೋ ಆತು ನೋಡವಾ. ತಪ್ಪು ಬರಿಯಾಕ ಇವರಷ್ಟು ಲಾಯಕ್ ಮನಷ್ಯಾ ಇಡೀ ಹೈದರಾಬಾದಿನ್ಯಾಗ ಸಿಗಾಂಗಿಲ್ಲ” ಅಂದಳು.

ಹಾಗಾಗಿ ಬರೆಯಲು ಕೂತೆ. ನಾನು ಕೆಡಿಸಿದ ಬೀಗಗಳಲ್ಲಿ ಒಂದು ಶಕುಂತಲಾಳ ಟೈಪಿಂಗ್ ಪರೀಕ್ಷೆಯನ್ನೇ ನುಂಗಿಬಿಡುವುದರಲ್ಲಿತ್ತು. ಅದರ ಜೊತೆ ಇನ್ನೂ ಏನೇನನ್ನೋ. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆಯೋಣವೆಂದುಕೊಂಡಿದ್ದೆ. ಆದರೆ ಅದನ್ನು ಬಿಟ್ಟರೆ ಹೇಳಲು ನನ್ನ ಹತ್ತಿರ ಏನೂ ಉಳಿಯುವುದಿಲ್ಲ.

ನಾನು ಮುದ್ದೇಬಿಹಾಳದವನು, ಹೆಸರು ಈರಣ್ಣ. ಹೈದರಾಬಾದಿಗೆ ಬಂದು ಹಿಮಾಯತ್‌ನಗರದ ಗಲ್ಲಿಯಲ್ಲಿ ಗಫೂರ್ ಉಸ್ತಾದರ ಬೀಗದ ಅಂಗಡಿ ಸೇರಿದಾಗ ನನಗೆ ಇಪ್ಪತ್ಮೂರು ವಯಸ್ಸು, ಮದುವೆಯಾಗಿ ನಾಲ್ಕು ತಿಂಗಳು. ಉಸ್ತಾದರು ವಿಜಯಪುರದ ಕಡೆಯವರು. ಗಿರಾಕಿಗಳ ಜೊತೆ ದಖ್ಖನಿ ಉರ್ದು, ನನ್ನನ್ನು ಬೈಯಲು ಕನ್ನಡ. ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುತ್ತಾರೆ, ಆದ್ದರಿಂದ ಅವರ ಬೈಗುಳದಲ್ಲಿ ಬೀಗ ಎಂಬ ಮಾತೇ ಬರುತ್ತಿರಲಿಲ್ಲ.

ಅವರ ಅಂಗಡಿಗೆ ಕೆಲವು ಕಟ್ಟುಪಾಡುಗಳಿದ್ದವು. ಮೊದಲ ಮೂರು ತಿಂಗಳು ಬೀಗ ತೆಗೆಯುವ ತಂತಿ ಮುಟ್ಟುವ ಹಾಗಿಲ್ಲ. ಬೆಂಚಿನ ಕೆಳಗೆ ಒಂದು ತಗಡಿನ ಡಬ್ಬಿ, ಅದರ ತುಂಬ ಕೆಲಸಕ್ಕೆ ಬಾರದ ಬೀಗಗಳು, ಅವಕ್ಕೆ ‘ಸತ್ತ ಕೀಲಿ’ ಎಂದು ಹೆಸರು. ಅವನ್ನು ಬಿಚ್ಚಿ, ಒಳಗಿನ ಪಿನ್ನು, ಸ್ಪ್ರಿಂಗುಗಳನ್ನು ಬಟ್ಟೆಯ ಮೇಲೆ ಸಾಲಾಗಿಟ್ಟು, ಮತ್ತೆ ಅದೇ ಕ್ರಮದಲ್ಲಿ ಜೋಡಿಸಬೇಕು. ಕಲಿಯುವುದೇನಿದ್ದರೂ ಸತ್ತ ಬೀಗದ ಮೇಲೆ. ಯಾರದೋ ಬಾಗಿಲನ್ನು ಕಾಯುತ್ತಿರುವ ಬೀಗದ ಮೇಲೆ ಕಲಿಯಕೂಡದು, ಅದು ನಿನ್ನದೇ ಮನೆಯದಾಗಿದ್ದರೂ ಸರಿ. ಕಲಿಯುವವನು ತಂತಿಗಳನ್ನು ಅಂಗಡಿಯಿಂದ ಹೊರಗೆ ಒಯ್ಯಕೂಡದು. ಯಾರದೇ ಮನೆಯ ಬೀಗ ತೆಗೆಯುವ ಮುಂಚೆ ಅಕ್ಕಪಕ್ಕದ ಇಬ್ಬರನ್ನು ಕರೆದು, ಇದು ಇವರದೇ ಮನೆಯೇ ಎಂದು ಕೇಳಿಯೇ ಕೈ ಹಚ್ಚಬೇಕು.

ಮೊದಲ ವಾರ ನಾನು ಬಿಚ್ಚಿದ ಬೀಗದ ಸ್ಪ್ರಿಂಗೊಂದು ಚಿಮ್ಮಿ ಉಸ್ತಾದರ ಚಹಾದ ಕಪ್ಪಿಗೆ ಬಿತ್ತು. ಅವರು ನೋಡದೆ ಕುಡಿದರು. ನಾನು ನೋಡಿದ್ದೆ, ಆದರೆ ಬಾಯಿ ಬಿಡಲಿಲ್ಲ. ಪುಣ್ಯಕ್ಕೆ ಸ್ಪ್ರಿಂಗು ತಳದಲ್ಲಿ ಉಳಿಯಿತು. ಅವರು ಅದನ್ನು ಬೆರಳಿನಿಂದ ಎತ್ತಿ, ತೊಳೆದು, ನನ್ನ ಮುಂದಿನ ಬಟ್ಟೆಯ ಮೇಲೆ ಅದರ ಜಾಗದಲ್ಲೇ ಇಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ತಂತಿ ಕೈಗೆ ಬಂದ ಮೇಲೆ ನನ್ನ ಅಸಲಿ ಪ್ರತಾಪ ಶುರುವಾಯಿತು. ಮಕ್ಕಳೇ, ಹೊಸಬರ ಮೊದಲ ರೋಗ ಕೈಭಾರ. ಒಂದು ಕೈಯಲ್ಲಿ ಬಾಗಿದ ಪಟ್ಟಿ ಹಿಡಿದು ಬೀಗದ ನಡುವಿನ ಭಾಗವನ್ನು ಇಷ್ಟೇ ಇಷ್ಟು ತಿರುವಿ ಹಿಡಿಯಬೇಕು, ಇನ್ನೊಂದು ಕೈಯ ತಂತಿಯಿಂದ ಪಿನ್ನುಗಳನ್ನು ಒಂದೊಂದಾಗಿ ಮೇಲೆತ್ತಬೇಕು. ಪಟ್ಟಿಯನ್ನು ಬಲವಾಗಿ ತಿರುವಿದರೆ ಪಿನ್ನುಗಳು ಇದ್ದಲ್ಲೇ ಕಚ್ಚಿಕೊಳ್ಳುತ್ತವೆ. ಕಚ್ಚಿಕೊಂಡವು ಎಂದು ತಂತಿಯಿಂದ ಇನ್ನೂ ಜೋರಾಗಿ ತಿವಿಯುತ್ತೀರಿ. ಹಿತ್ತಾಳೆ ಮೆತ್ತಗಿನ ಲೋಹ, ಪಿನ್ನಿನ ತಲೆ ಕೆಡುತ್ತದೆ, ಸ್ಪ್ರಿಂಗು ನುಜ್ಜಾಗುತ್ತದೆ. ಆಮೇಲೆ ಅದರ ಸ್ವಂತ ಕೀಲಿಕೈಗೂ ಆ ಬೀಗ ಮಣಿಯುವುದಿಲ್ಲ. ನಾನೋ ಬಾವಿಯಿಂದ ನೀರು ಸೇದಿ ಬೆಳೆದವನು. ತಿಂಗಳೊಪ್ಪತ್ತಿನಲ್ಲಿ ಹನ್ನೊಂದು ಸತ್ತ ಬೀಗಗಳನ್ನು ಮತ್ತೊಮ್ಮೆ ಕೊಂದೆ.

“ಏ ಈರ್ಯಾ, ಕೀಲಿ ಹಿಡದೀಯೋ, ಕಳ್ಳನ ಕುತಿಗಿ ಹಿಡದೀಯೋ? ಸಡ್ಲ ಬಿಡಲೇ, ಅದಕ್ಕೂ ಉಸುರು ಬೇಕು” ಎನ್ನುತ್ತಿದ್ದರು ಉಸ್ತಾದರು.

ಎರಡನೆಯದು ಎಣ್ಣೆ. ಪಕ್ಕದ ಸೀರೆ ಅಂಗಡಿಯವರ ಶಟರಿನ ಬೀಗ ಬಿಗಿಯಾಗಿದೆ ಎಂದು ಉಸ್ತಾದರು ನನ್ನನ್ನು ಕಳಿಸಿದರು. ಪೆನ್ಸಿಲ್ ಸೀಸದ ಪುಡಿ ಊದಿ ಬಾ ಎಂದಿದ್ದರು. ಅಷ್ಟು ದೊಡ್ಡ ಬೀಗಕ್ಕೆ ಪೆನ್ಸಿಲ್ ಪುಡಿ ಯಾವ ಲೆಕ್ಕ ಎಂದು ನಾನು ಧಾರಾಳವಾಗಿ ಕೊಬ್ಬರಿ ಎಣ್ಣೆ ಹೊಯ್ದು ಬಂದೆ. ಸಂಜೆ ಬೀಗ ಬೆಣ್ಣೆಯ ಹಾಗೆ ತಿರುಗಿತು, ಸೀರೆ ಅಂಗಡಿಯವರು ಬೆನ್ನು ತಟ್ಟಿದರು. ಡಿಸೆಂಬರ್ ತಿಂಗಳು. ಬೆಳಿಗ್ಗೆ ಎಣ್ಣೆ ಹೆಪ್ಪುಗಟ್ಟಿ ಬೀಗ ಕಲ್ಲಾಗಿತ್ತು. ಮದುವೆಯ ಜವಳಿಗೆ ಬಂದ ಹೆಂಗಸರು ಇಪ್ಪತ್ತು ಮಂದಿ ಶಟರಿನ ಮುಂದೆ ನಿಂತಿದ್ದರು, ಅವರ ನಡುವೆ ನಾನು ಸ್ಟೋವಿನ ಮೇಲೆ ಚಮಚ ಕಾಯಿಸಿ ಬೀಗಕ್ಕೆ ಶಾಖ ಕೊಡುತ್ತ ಕೂತಿದ್ದೆ. ಎಳೆಗೂಸಿನ ಹೊಟ್ಟೆಗೆ ಶಾಖ ಕೊಡುವಂತಿದೆ ಎಂದು ಒಬ್ಬಾಕೆ ನಕ್ಕಳು.

ಅಷ್ಟಾದರೂ ಐದನೆಯ ತಿಂಗಳಲ್ಲಿ ಒಂದು ಸತ್ತ ಬೀಗ ನನ್ನ ಕೈಯಲ್ಲಿ ತೆರೆದುಕೊಂಡಿತು. ಅದರ ಪಿನ್ನುಗಳೆಲ್ಲ ಸವೆದಿದ್ದವು, ಗಟ್ಟಿಯಾಗಿ ಕೆಮ್ಮಿದ್ದರೂ ಅದು ತೆರೆಯುತ್ತಿತ್ತು. ಅದು ನನಗೆ ತಿಳಿದದ್ದು ಮುಂದೆ. ಅಂದು ಮಾತ್ರ ನೆಲ ಕಾಣುತ್ತಿರಲಿಲ್ಲ ನನಗೆ. ಮನೆಗೆ ಹೋಗಿ ಹೆಂಡತಿಗೆ ತೋರಿಸಲೇಬೇಕು ಎಂದು ಒಂದು ತಂತಿಯನ್ನು ಅಂಗಿಯ ತೋಳಿನಲ್ಲಿ ಅಡಗಿಸಿಕೊಂಡು ಬಂದೆ.

ಆಗ ನಾವಿದ್ದದ್ದು ಹಿಮಾಯತ್‌ನಗರದ ಹಿಂಭಾಗದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ನನ್ನೊಬ್ಬನ ಪಗಾರದಲ್ಲಿ ಇಬ್ಬರು ಆ ಊರಲ್ಲಿ ಬದುಕುವುದು ಆಗದ ಮಾತಾಗಿತ್ತು. ಶಕುಂತಲಾ ತಾಳಿಕೋಟೆಯಲ್ಲಿ ಪಿಯುಸಿ ಓದಿ, ಟೈಪಿಂಗ್ ಕಲಿಯುತ್ತ ಬಂದವಳು. ಅದರ ಹೈಯರ್ ದರ್ಜೆಯ ಪರೀಕ್ಷೆ ಪಾಸಾದರೆ ಒಂದು ಆಫೀಸಿನ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ತಪ್ಪಿದರೆ ಅರ್ಜಿಯ ಗಡುವು ಮುಗಿಯುತ್ತಿತ್ತು, ಅವಳು ತವರಿಗೆ, ನಾನು ಮಲಗಲು ಅಂಗಡಿಯ ಬೆಂಚಿಗೆ. ಹಾಗೆಂದು ಇಬ್ಬರೂ ಕೂತು ಮಾತಾಡಿಕೊಂಡಿದ್ದೆವು. ಮನೆಯಲ್ಲಿ ಟೈಪ್‌ರೈಟರ್ ಇಲ್ಲ. ಅವಳು ರಟ್ಟಿನ ಮೇಲೆ ಅಕ್ಷರದ ಗುಂಡಿಗಳನ್ನು ಬರೆದುಕೊಂಡು, ಅದರ ಮೇಲೆ ಬೆರಳಾಡಿಸಿ ಅಭ್ಯಾಸ ಮಾಡುತ್ತಿದ್ದಳು. ಮರುದಿನವೇ ಪರೀಕ್ಷೆ.

ನಾನು ಬಾಗಿಲ ಬೀಗವನ್ನು ತಂದು ಅವಳ ಹಿಂದೆ ಕೂತೆ. “ಎರಡು ನಿಮಿಷ. ಕೀಲಿಕೈ ಇಲ್ಲದಂಗ ತೆಗೀತೀನಿ ನೋಡು” ಅಂದೆ.

“ತೆಗೀರಿ, ನಾ ಈ ಪ್ಯಾರಾ ಮುಗಸ್ತೀನಿ” ಎಂದು ಅವಳು ರಟ್ಟಿನ ಕಡೆ ತಿರುಗಿದಳು.

ಎರಡು ನಿಮಿಷ ಇಪ್ಪತ್ತಾಯಿತು. ಬೀಗ ಜಪ್ಪಯ್ಯ ಎನ್ನಲಿಲ್ಲ. ಅವಳ ಪ್ಯಾರಾ ಇನ್ನೇನು ಮುಗಿಯುತ್ತಿದೆ ಎಂದು ಗೊತ್ತಾದಾಗ ನಾನು ಜೇಬಿನಿಂದ ಮೆಲ್ಲಗೆ ಕೀಲಿಕೈ ತೆಗೆದು, ತಿರುವಿ, ಮತ್ತೆ ಜೇಬಿಗೆ ಹಾಕಿ, “ಬಂತು ನೋಡು!” ಎಂದು ಕೂಗಿದೆ.

ಅವಳು ತಿರುಗಿ ನೋಡಿದಳು. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ. “ಖರೇನ? ಅಯ್ಯ ಶಿವನೇ, ಐದ ತಿಂಗಳದಾಗ ಕಲತ್ರೇನ್ರಿ?” ಎಂದು ಎದ್ದು ಹೋಗಿ ಮನೆಯೊಡತಿಗೂ ಹೇಳಿ ಬಂದಳು. ನಾನು ನಾಚಿಕೆಗೆ ಸಾಯಬೇಕಿತ್ತು. ಸಾಯುವ ಬದಲು, ಅವಳು ಬರುವುದರೊಳಗೆ ನಿಜವಾಗಿಯೂ ಕಲಿತುಬಿಡೋಣ ಎಂದು ಕೊಂಡಿ ತೆರೆದಿದ್ದ ಅದೇ ಬೀಗಕ್ಕೆ ಮತ್ತೆ ತಂತಿ ತುರುಕಿ ತಿವಿದೆ. ಟಕ್ ಅಂತು. ತಂತಿಯ ತುದಿ ಮುರಿದಿತ್ತು. ಬೀಗ ಅಲ್ಲಾಡಿಸಿದೆ, ಏನೂ ಬೀಳಲಿಲ್ಲ. ಚಾಪೆಯ ಮೇಲೆ ಎಲ್ಲೋ ಬಿದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಕೀಲಿಕೈ ಹಾಕಿ ಒಮ್ಮೆ ತಿರುವಿ ನೋಡಲೂ ಇಲ್ಲ.

ಬೆಳಿಗ್ಗೆ ಪರೀಕ್ಷೆಗೆ ಮುಂಚೆ ಹನುಮಪ್ಪನ ಗುಡಿಗೆ ಹೋಗಿ ಬರೋಣವೆಂದಳು. ಹಾಲ್ ಟಿಕೆಟ್ಟಿಗೆ ಕುಂಕುಮ ಹಚ್ಚಿ ಮನೆಯ ದೇವರ ಪಟದ ಮುಂದೆ ಇಟ್ಟು, ಬಂದ ಮೇಲೆ ಒಯ್ಯುವುದೆಂದು ಅಲ್ಲೇ ಬಿಟ್ಟಳು. ಬಾಗಿಲು ಎಳೆದು, ಆ ಬೀಗವನ್ನು ಒತ್ತಿ ಹಾಕಿದವನು ನಾನೇ. ಅದು ಒತ್ತಿದರೆ ಹಾಕಿಕೊಳ್ಳುವ ಬೀಗ, ಕೀಲಿಕೈ ಬೇಕಾಗುವುದು ತೆಗೆಯುವಾಗ ಮಾತ್ರ.

ವಾಪಸ್ಸು ಬಂದಾಗ ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಮುಕ್ಕಾಲು ಗಂಟೆಯಲ್ಲಿ ಅವಳು ಪಕ್ಕದ ಬೀದಿಯ ಪರೀಕ್ಷೆಯ ಕಟ್ಟಡದ ಒಳಗಿರಬೇಕು. ಕೀಲಿಕೈ ಅರ್ಧಕ್ಕೆ ನಿಂತಿತು. ಏನಾಗಿದೆ ಎಂದು ಆ ಕ್ಷಣವೇ ನನಗೆ ಗೊತ್ತಾಯಿತು.

“ಅದಕ್ಯಾಕ ಅಷ್ಟು ಬೆವರಾಕತ್ತೀರಿ?” ಅಂದಳು ಶಕುಂತಲಾ. “ನಿನ್ನೆ ತೆಗದ್ರೆಲ್ಲ, ಹಂಗ ತೆಗೀರಿ.”

ಅವಳಿಗೆ ಒಂದಿಷ್ಟೂ ಭಯವಿರಲಿಲ್ಲ. ಅದೇ ನನ್ನನ್ನು ಕೊಂದದ್ದು. ಅಂಗಡಿಗೆ ಮರಳಿಸಲೆಂದು ತೋಳಿನಲ್ಲಿಟ್ಟುಕೊಂಡಿದ್ದ ಮುರುಕು ತಂತಿಯನ್ನು ಹೊರತೆಗೆದು ಶುರುಮಾಡಿದೆ. ಉಸ್ತಾದರು ಏನೇನು ಮಾಡಬೇಡ ಎಂದಿದ್ದರೋ ಅಷ್ಟನ್ನೂ ಒಂದೂ ಬಿಡದೆ ಮಾಡಿದೆ. ತಿವಿದೆ, ಹಿಸುಕಿದೆ, ಒದರಿದೆ, ಮನೆಯೊಡತಿಯಿಂದ ಎಣ್ಣೆ ತರಿಸಿ ಹೊಯ್ದೆ. ಒಳಗಿದ್ದ ತುಂಡು ಇನ್ನೂ ಹಿಂದಕ್ಕೆ ಸರಿಯಿತು. ಮನೆಯೊಡತಿ ತೆಲುಗಿನವರು, ಗಡಿಯಾರ ನೋಡಿ ನೋಡಿ ಅವರಿಗೆ ತಡೆಯದಾಯಿತು.

“ಟೈಮ್ ಲೇದಯ್ಯಾ, ಪಗಲಗೊಟ್ಟಂಡಿ!” ಒಡೆದು ಹಾಕಿ ಎನ್ನುತ್ತಿದ್ದರು, ಅದೂ ತಮ್ಮದೇ ಬಾಗಿಲನ್ನು.

“ಬ್ಯಾಡ್ರಿ ಅಮ್ಮಾ, ನಮ್ಮನಿಯವರು ತೆಗೀತಾರ. ಇದ ಅವರ ಕೆಲಸ” ಎಂದು ಶಕುಂತಲಾ ಅವರ ಕೈ ಹಿಡಿದು ನಿಲ್ಲಿಸಿದಳು. ಆಮೇಲೆ ನನಗೆ, “ಉಸ್ತಾದರನ್ನ ಕರಕೊಂಡು ಬರ್ಲೇನ್ರಿ? ಹತ್ತ ನಿಮಿಷದ ಹಾದಿ” ಅಂದಳು.

“ಬ್ಯಾಡ, ಐದ ನಿಮಿಷ” ಅಂದೆ. ಉಸ್ತಾದರು ಬಂದರೆ ಕದ್ದು ತಂದ ತಂತಿ ಕಾಣುತ್ತಿತ್ತು, ಕೆಲಸ ಹೋಗುತ್ತಿತ್ತು. ಒಡೆದರೆ ನಿನ್ನೆಯ ಸುಳ್ಳು ಹೊರಬೀಳುತ್ತಿತ್ತು. ಐದು ನಿಮಿಷ, ಐದು ನಿಮಿಷ ಎನ್ನುತ್ತಲೇ ನಲವತ್ತು ನಿಮಿಷ ಕಳೆದೆ. ಅವಳು ಬೆನ್ನ ಹಿಂದೆ ನಿಂತೇ ಇದ್ದಳು. ಅವಳ ಉಸಿರು ಬದಲಾದದ್ದು ನನಗೆ ಕೇಳಿಸುತ್ತಿತ್ತು. ಕೊನೆಗೆ ತಿರುಗದೆ, ಬೀಗಕ್ಕೇ ಹೇಳುವವನ ಹಾಗೆ ಹೇಳಿದೆ.

“ಶಕುಂತಲಾ, ನಿನ್ನೆ ನಾ ತಂತೀಲೆ ತೆಗದಿಲ್ಲ. ಕೀಲಿಕೈಲೆ ತೆಗದೆ. ಒಳಗ ತಂತಿ ಮುರದೈತಿ. ಮುರದಾವನೂ ನಾನ.”

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮನೆಯೊಡತಿಯ ಅಡುಗೆಮನೆಯಿಂದ ಮಸಾಲೆ ಅರೆಯುವ ಗುಂಡುಕಲ್ಲು ಎತ್ತಿಕೊಂಡು ಬಂದಳು. “ಸರೀರಿ ಅತ್ಲಾಗ” ಅಂದಳು. ಮೂರು ಏಟು. ಮೂರನೆಯದಕ್ಕೆ ಬಾಗಿಲ ಚಿಲಕ ತಿರುಪಿನ ಸಮೇತ ಕಿತ್ತು ಬಂತು. ಬೀಗ ಮಾತ್ರ ಆ ಚಿಲಕದಲ್ಲಿ ಹಾಕಿಕೊಂಡಂತೆಯೇ ನೇತಾಡುತ್ತಿತ್ತು. ಅವಳು ಒಳಗೆ ಹೋಗಿ ಹಾಲ್ ಟಿಕೆಟ್ ಹಿಡಿದು ಓಡಿದಳು. ನಾನು ಚಿಲಕ, ಬೀಗ ಕೈಯಲ್ಲಿ ಹಿಡಿದುಕೊಂಡೇ ಅವಳ ಹಿಂದೆ ಓಡಿದೆ. ಗೇಟು ಮುಚ್ಚುತ್ತಿದ್ದ ಕಾವಲುಗಾರ ಅವಳನ್ನು ಬಿಟ್ಟ, ನನ್ನ ಕೈಯಲ್ಲಿದ್ದದ್ದು ನೋಡಿ ನನ್ನನ್ನು ಹೊರಗೇ ನಿಲ್ಲಿಸಿದ.

ಒಳಗಿನಿಂದ ನೂರಾರು ಟೈಪ್‌ರೈಟರುಗಳ ಸದ್ದು. ಅದರಲ್ಲಿ ಅವಳದು ಯಾವುದೆಂದು ಕಿವಿಗೊಟ್ಟು ನಿಂತೆ. ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು.

“ಹೆಂಗಾತು? ಬೆರಳು ನಡುಗಿದ್ವೇನು?”

“ಬೆರಳಿಗೇನಾಗಿಲ್ಲ. ಪರೀಕ್ಷಾ ಛಲೋ ಆಗೈತಿ” ಅಂದಳು. ಸ್ವಲ್ಪ ದೂರ ನಡೆದ ಮೇಲೆ, “ಪರೀಕ್ಷಾ ತಪ್ಪಿದ್ರ ಮತ್ತ ಬರೀತಿದ್ದೆ ನಾ. ನಿಮ್ಮನ್ನ ನಂಬಿ ಅಷ್ಟೊತ್ತು ನಿಂತಿದ್ನೆಲ್ಲ, ಅದನ್ನ ಎಲ್ಲಿ ಹೋಗಿ ಬರೀಲಿ?” ಅಂದಳು. ಆಮೇಲೆ ಆ ದಿನದ ಮಾತನ್ನು ಅವಳು ಯಾವತ್ತೂ ಎತ್ತಲಿಲ್ಲ.

ಮರುದಿನ ಬೀಗವನ್ನೂ ಮುರುಕು ತಂತಿಯನ್ನೂ ಉಸ್ತಾದರ ಮುಂದೆ ಇಟ್ಟೆ. ನಡೆದದ್ದೆಲ್ಲ ಹೇಳಿದೆ. ಅವರು ಬೀಗವನ್ನು ಬಿಚ್ಚಿ ಬಟ್ಟೆಯ ಮೇಲೆ ಹರಡಿದರು. “ಐದು ಪಿನ್ನಿನ್ಯಾಗ ಮೂರರ ತಲಿ ಕೆಡಿಸೀದಿ. ಎರಡು ಸ್ಪ್ರಿಂಗ್ ನುಜ್ಜಾಗ್ಯಾವ. ತಂತಿ ಮುರದದ್ದು ಮಾಫ್. ಸುಳ್ಳು ಹೇಳಿದ್ದನ್ನ ಮಾಫ್ ಮಾಡಾಕ ನಾ ಯಾರು, ಅದು ನಿನ್ನ ಹೆಂಡ್ತಿ ಕೈಯಾಗೈತಿ. ತಿಳ್ಕೋ ಈರ್ಯಾ, ನಮ್ಮ ಮಾತು ಮಂದಿ ನಂಬಿದ್ರ ನಾವು ಉಸ್ತಾದ್. ಇಲ್ಲಾಂದ್ರ ನಮಗೂ ಕಳ್ಳಗೂ ಫರಕ ಏನೈತಿ? ಕೆಲಸಾನೂ ಒಂದ, ತಂತೀನೂ ಒಂದ.” ಮತ್ತೆ ಮೂರು ತಿಂಗಳು ನನ್ನನ್ನು ತಗಡಿನ ಡಬ್ಬಿಯ ಮುಂದೆ ಕೂಡಿಸಿದರು.

ಮನೆಯಲ್ಲಿ ಶಿಕ್ಷೆ ಅಷ್ಟಕ್ಕೆ ಮುಗಿಯಲಿಲ್ಲ. ಹೊಸ ಬೀಗ ತಂದುಕೊಟ್ಟಾಗ ಅದರ ಜೊತೆ ಬಂದ ಎರಡೂ ಕೀಲಿಕೈಗಳನ್ನು ಶಕುಂತಲಾ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೊಡು ಎಂದು ನಾನು ಕೇಳಲಿಲ್ಲ, ತಗೊಳ್ಳಿ ಎಂದು ಅವಳು ಅನ್ನಲಿಲ್ಲ. ಪರೀಕ್ಷೆ ಪಾಸಾದಳು, ಕೆಲಸ ಸಿಕ್ಕಿತು, ನಾವು ಈ ಊರಲ್ಲೇ ಉಳಿದೆವು. ಉಸ್ತಾದರ ಕಾಲಾನಂತರ ಅಂಗಡಿ ನನ್ನ ಕೈಗೆ ಬಂತು. ಹಿಮಾಯತ್‌ನಗರದ ಅರ್ಧ ಮನೆಗಳಿಗೆ ಕೀಲಿಕೈ ಮಾಡಿಕೊಟ್ಟವನು ಸಂಜೆ ಅಂಗಡಿ ಮುಚ್ಚಿ ಬಂದು, ಹೆಂಡತಿ ಆಫೀಸಿನಿಂದ ಬರುವವರೆಗೆ ಮನೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಯಾರಾದರೂ ಕೇಳಿದರೆ, ಇಲ್ಲಿ ಗಾಳಿ ಚೆನ್ನಾಗಿದೆ ಎನ್ನುತ್ತಿದ್ದೆ. ಮೇ ತಿಂಗಳಲ್ಲೂ. ಅವಳು ತವರಿಗೆ ಹೋಗುವಾಗ ಕೀಲಿಕೈಯನ್ನು ಎದುರು ಮನೆಯವರಿಗೆ ಕೊಟ್ಟು ಹೋಗುತ್ತಿದ್ದಳು. ನಾನು ಅವರಿಂದ ಕೇಳಿ ಪಡೆದು, ಕೆಲಸಕ್ಕೆ ಹೊರಡುವಾಗ ಅವರಿಗೇ ಒಪ್ಪಿಸುತ್ತಿದ್ದೆ. ಒಂದು ನಕಲು ಮಾಡಿಕೊಳ್ಳಲು ನನಗೆ ಹತ್ತು ನಿಮಿಷ ಸಾಕಿತ್ತು. ಕೈ ಬರಲಿಲ್ಲ.

ಈಗ ಕಾಲ ಬೇರೆ. ಒಳಗಿನದೆಲ್ಲ ಹೊರಗೆ ಕಾಣುವ ಗಾಜಿನಂಥ ಬೀಗಗಳನ್ನು ಕಲಿಯುವವರಿಗಾಗಿಯೇ ಮಾರುತ್ತಾರೆ. ಮೇಘನಾ ತನ್ನದನ್ನು ತೋರಿಸಿದಾಗ, ಇದೊಂದು ನನ್ನ ಕಾಲದಲ್ಲಿ ಇದ್ದಿದ್ದರೆ ಎಂದು ಹೊಟ್ಟೆ ಉರಿಯಿತು. ಅಂಗಡಿ ನಡೆಸಿದ ಕೊನೆಯ ವರ್ಷಗಳಲ್ಲಿ ಹೊಸ ನಮೂನೆಯ ಬೀಗಗಳು ಬಂದಾಗ ನಾನೂ ಹೊಸಬನಾದೆ. ಅವುಗಳಲ್ಲಿ ಎರಡನ್ನು ಕೆಡಿಸಿದೆ. ಆದರೆ ಎರಡು ಸಲವೂ ಬಾಗಿಲಲ್ಲೇ ನಿಂತು, “ಇದು ನನಗೆ ಬರೋದಿಲ್ಲ, ಕೆಡಿಸಿದೆ, ಬೇರೆಯವರನ್ನು ಕರೀರಿ” ಎಂದೆ. ಮೊದಲ ಸಲ ನಾಲಿಗೆ ಒಣಗಿತು, ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ನಿಮಗೆ ಹೇಳುವುದೂ ಅಷ್ಟೇ ಮಕ್ಕಳೇ. ಕೈ ಹಗುರ ಇಡಿ, ಎಣ್ಣೆ ಹೊಯ್ಯಬೇಡಿ, ಬಾಗಿಲಲ್ಲಿರುವ ಬೀಗದ ಮೇಲೆ ಕಲಿಯಬೇಡಿ. ಮುರಿದರೆ ಮುರಿಯಿತು ಎಂದು ಆಗಲೇ ಹೇಳಿ.

ಇಷ್ಟು ಬರೆದು ಹಾಳೆಗಳನ್ನು ಮೇಜಿನ ಮೇಲಿಟ್ಟಿದ್ದೆ. ಮಧ್ಯಾಹ್ನ ಮಲಗಿ ಎದ್ದು ನೋಡಿದರೆ ಶಕುಂತಲಾ ಕನ್ನಡಕ ಹಾಕಿಕೊಂಡು, ಆಫೀಸಿನಲ್ಲಿ ಮಾಡುತ್ತಿದ್ದ ಹಾಗೆ ಕೆಂಪು ಪೆನ್ನು ಹಿಡಿದು ಓದುತ್ತಿದ್ದಳು.

“ಒಂದು ಕಡೆ ತಪ್ಪು ಐತಿ” ಅಂದಳು. “ಐದ ನಿಮಿಷ ಅಂತ ಹೇಳಿ ಹತ್ತ ನಿಮಿಷ ಕಳದೆ ಅಂತ ಬರದೀರಿ. ನಲವತ್ತು ಆಗಿತ್ತು.” ಕೆಂಪು ಪೆನ್ನಿನಿಂದ ತಾನೇ ತಿದ್ದಿದಳು. ಹಾಳೆಗಳನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಮೇಲೆ ನೀವು ಓದಿದ ನಲವತ್ತು ಅವಳದು.

ನಿನ್ನೆ ಅವಳು ಅಕ್ಕನ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆಂದು ಎಂಟು ದಿನಕ್ಕೆ ತಾಳಿಕೋಟೆಗೆ ಹೊರಟಳು. ಕೆಳಗೆ ಆಟೋ ನಿಂತಿತ್ತು. ಎದುರು ಮನೆಯ ಬಾಗಿಲು ತೆರೆದಿತ್ತು, ಅವರೂ ರೂಢಿಯಂತೆ ಕೈ ಚಾಚಿದರು. ಶಕುಂತಲಾ ಅವರಿಗೆ ಹೋಗಿ ಬರುತ್ತೇನೆ ಎಂದಷ್ಟೇ ಹೇಳಿ, ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟಳು.

“ಹಾಲು ಫ್ರಿಡ್ಜಿನ್ಯಾಗ ಐತಿ. ಹೊತ್ತಿಗೆ ಸರಿಯಾಗಿ ಉಣ್ರಿ” ಅಂದಳು. ಹೂಂ ಅಂದೆ. ಅವಳ ಜೊತೆ ಕೆಳಗಿಳಿದು, ಆಟೋ ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿದೆ.

ಮೇಲೆ ಬಂದು, ಬಾಗಿಲು ಎಳೆದು, ಬೀಗ ಹಾಕಿದೆ. ಕೀಲಿಕೈ ಹಾಕಿ ತೆಗೆದೆ. ಮತ್ತೆ ಹಾಕಿದೆ, ಮತ್ತೆ ತೆಗೆದೆ. ಕಣ್ಣು ಮಂಜಾಗಿತ್ತು, ಆದರೂ ನಿಲ್ಲಿಸಲಿಲ್ಲ. ಸದ್ದು ಕೇಳಿ ಎದುರು ಮನೆಯಾಕೆ ಹೊರಗೆ ಬಂದರು.

“ಏಮೈಂದಿ, ಏನಾಯ್ತು ಅಂಕುಲ್, ಬೀಗ ಕೆಟ್ಟಿದೆಯಾ?”

“ಇಲ್ಲಮ್ಮ, ಭಾಳ ಛಲೋ ಐತಿ” ಅಂದೆ. ಆಕೆ ಒಳಗೆ ಹೋದ ಮೇಲೆ ಇನ್ನೊಂದು ಸಲ ತೆಗೆದೆ.